ತಂಬಿಗೊಂದು ಕೋಣೆ

ಮೊನ್ನೆ ನಮ್ಮ ಕಾಲೇಜಿನ ವರಾಂಡದಲ್ಲಿ ಯಾರೋ ಹೂಕುಂಡಗಳ ಮಣ್ಣು ಬದಲಾಯಿಸುತ್ತಿದ್ದರು. ಒದ್ದೆಯಾದ ತೆಂಗಿನ ನಾರಿನ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಪಾಠಕ್ಕೆ ಬೇಕಾದ ಮೂಳೆಗಳ ಪೆಟ್ಟಿಗೆ, ತರಗತಿಯಲ್ಲಿ ಕಾಯುತ್ತಿದ್ದ ಹುಡುಗರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಕೆಲವು ವಾಸನೆಗಳಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ ನೋಡಿ. ಬೇರೆಯವರಿಗೆ ಅದು ಗಿಡದ ಗೊಬ್ಬರ. ನನಗೆ ಅದು ನಮ್ಮ ಮನೆಯ ಹಿಂದಿನ ಕೋಣೆ.

ಮಲೇಷ್ಯಾದ ಮೆಲಾಕಾದಲ್ಲಿ ನಾವಿರುವುದು ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲಿನಲ್ಲಿ. ನಾನು ಉಡುಪಿಯಿಂದ ಬಂದವಳು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆಯ ಪಾಠ ಮಾಡುತ್ತೇನೆ. ಪಕ್ಕದ ಮನೆ ಲೆಚ್ಚುಮಿ ಆಂಟಿಯದು. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಇಲ್ಲೇ ಹುಟ್ಟಿ ಬೆಳೆದ ತಮಿಳರು. ಅವರ ತಮಿಳು, ನನ್ನ ಕನ್ನಡ, ನಡುವೆ ಒಂದಿಷ್ಟು ಇಂಗ್ಲಿಷು, ಮಲಯ, ಮಾತಿನ ಕೊನೆಗೆ ಇಲ್ಲಿನವರ 'ಲಾ' ಸೇರಿಸಿ ನಾವಿಬ್ಬರೂ ನಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದೆವು. ಅದರ ವ್ಯಾಕರಣ ಕೇಳಬೇಡಿ.

ಆಂಟಿಯ ಹಿತ್ತಿಲಲ್ಲಿ ಒಂದು ಆಮೆಯಿತ್ತು. ಹೆಸರು ತಂಬಿ, ಅಂದರೆ ತಮ್ಮ. ಆಂಟಿ ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗಲೇ ಅದು ಅಲ್ಲಿತ್ತಂತೆ, ಮಾವ ಸಾಕಿದ್ದು. ಸಾಕುವುದಕ್ಕೆ ಸರ್ಕಾರದ ಪರವಾನಗಿಯನ್ನೂ ಮಾವನೇ ಮಾಡಿಸಿದ್ದರು. ಮಾವ ತೀರಿಕೊಂಡರು, ಗಂಡ ತೀರಿಕೊಂಡರು, ಮಗ ದೂರದ ಇಪೋ ಪಟ್ಟಣಕ್ಕೆ ಹೋದ. ತಂಬಿ ಮಾತ್ರ ಹಿತ್ತಿಲಿನಲ್ಲಿ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಕಿಕೊಂಡು ಉಳಿದ.

ಆಂಟಿ ಮಗನ ಊರಿನಲ್ಲಿ ಮಾಡಿಸಿಕೊಳ್ಳಬೇಕಿದ್ದ ಮಂಡಿಯ ಆಪರೇಷನ್ನಿಗೆ ಇನ್ನೇನು ಕೆಲವೇ ದಿನ ಇದ್ದಾಗ ಹಿಂದಿನ ಚರಂಡಿಯಿಂದ ಉಡವೊಂದು ನುಗ್ಗಿ ತಂಬಿಯ ಹಿಂಗಾಲು ಕಚ್ಚಿತು. ಪಾದವೇ ಹೋಯಿತು. ಪ್ರಾಣಿಗಳ ಡಾಕ್ಟರ್ ಗಾಯ ಕಟ್ಟಿ, ಇನ್ನು ಕೆಲವು ತಿಂಗಳು ಇದು ಮನೆಯೊಳಗೇ ಇರಬೇಕು ಎಂದರಂತೆ. ಆಂಟಿ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಅದನ್ನಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

"ಎಂತ ಆಯ್ತು ಆಂಟಿ?" ಎಂದೆ.

"ಮಗನ ಫ್ಲ್ಯಾಟಲ್ಲಿ ಇಡಕ್ಕೆ ಆಗಲ್ಲ ಮಾ. ನೀನು ಡಾಕ್ಟರ್ ಅಲ್ವಾ, ನೋಡ್ಕೊ ಲಾ."

ನಾನು ಪಾಠ ಮಾಡುವುದು ಸತ್ತವರ ದೇಹ ಇಟ್ಟುಕೊಂಡು ಎಂದು ಹೇಳಲು ಬಾಯಿ ಬರಲಿಲ್ಲ. ಬೇಸಿನ್ ತೆಗೆದುಕೊಂಡೆ.

ಆ ವಾರಾಂತ್ಯ ನಾನೂ ಮಗಳು ಅದಿತಿಯೂ ಹಿಂದಿನ ಕೋಣೆಯನ್ನು ಖಾಲಿ ಮಾಡಿದೆವು. ಆಳವಾದ ದೊಡ್ಡ ಗಾಜಿನ ತೊಟ್ಟಿಯೊಂದನ್ನು ತಂದೆವು. ಒಂದು ಕಡೆ ಆಮೆಯ ಕತ್ತಿನವರೆಗೆ ಬರುವಷ್ಟು ನೀರು, ಅಲ್ಲಿಂದ ಹತ್ತಿ ಬರಲು ಕಲ್ಲಿನ ಇಳಿಜಾರು, ಇನ್ನೊಂದು ಕಡೆ ತೆಂಗಿನ ನಾರಿನ ಪುಡಿ ಮತ್ತು ಮಣ್ಣು ಬೆರೆಸಿದ ದಪ್ಪ ಹಾಸು, ಮೇಲೆ ಒಣ ಎಲೆ, ಅಡಗಿ ಕೂರಲು ಒಡೆದ ಮಣ್ಣಿನ ಕುಂಡ. ಕಿಟಕಿಯ ಗಾಜು ದಾಟಿ ಬರುವ ಬಿಸಿಲಿನಲ್ಲಿ ಆಮೆಗೆ ಬೇಕಾದ ಕಿರಣ ಇರುವುದಿಲ್ಲವಂತೆ. ಅದಕ್ಕೊಂದು ಬೇರೆ ದೀಪ ತೂಗುಹಾಕಿದೆವು. ಕೋಣೆಯಲ್ಲಿ ಎಸಿ ಹಾಕುವಂತಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಬೆವರಿನಲ್ಲಿ ತೊಯ್ದು, ಜಗತ್ತನ್ನು ಸೃಷ್ಟಿಸಿದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ತಂಬಿಯನ್ನು ಒಳಗಿಟ್ಟೆವು. ಅದು ಮುಚ್ಚಿಕೊಂಡಿತು.

ಮುಚ್ಚಿಕೊಂಡಿತು ಎಂದರೆ ಬರೀ ತಲೆ ಒಳಗೆಳೆದುಕೊಂಡಿತು ಎಂದಲ್ಲ. ಈ ಜಾತಿಯ ಆಮೆಯ ಹೊಟ್ಟೆಯ ಚಿಪ್ಪಿಗೆ ನಡುವೆ ಒಂದು ಕೀಲಿದೆ. ಮುಂದಿನ ಭಾಗ, ಹಿಂದಿನ ಭಾಗ ಎರಡೂ ಮೇಲಕ್ಕೆ ಮಡಚಿಕೊಂಡು ಬೆನ್ನಿನ ಚಿಪ್ಪಿಗೆ ಹೋಗಿ ಕೂರುತ್ತವೆ. ಆಮೇಲೆ ಒಂದು ಎಳೆ ದಾರವೂ ಒಳಗೆ ಹೋಗುವುದಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ನಮ್ಮೆಲ್ಲರ ಹೆಗಲ ಮೂಳೆ ಪಕ್ಕೆಲುಬುಗಳ ಹೊರಗಿದೆ. ಆಮೆಯದು ಪಕ್ಕೆಲುಬುಗಳ ಒಳಗೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಒಂದು ಜೀವ ತನ್ನ ಎದೆಗೂಡನ್ನೇ ಮನೆ ಮಾಡಿಕೊಂಡು ಬಾಗಿಲು ಹಾಕಿಕೊಳ್ಳುವುದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಆ ಬಾಗಿಲು ತೆರೆಯಲೇ ಇಲ್ಲ. ಪಪ್ಪಾಯಿ ಇಟ್ಟೆವು, ಬಾಳೆಹಣ್ಣು ಇಟ್ಟೆವು, ಎರೆಹುಳ ಹುಡುಕಿ ತಂದೆವು. ಬೆಳಗ್ಗೆ ಇಟ್ಟಿದ್ದು ಸಂಜೆ ಹಾಗೇ ಇರುತ್ತಿತ್ತು. ನಾವಿಲ್ಲದಾಗ ಜಾಗ ಬದಲಾಯಿಸುತ್ತಿತ್ತು, ಅಷ್ಟೇ. ಇಪೋದ ಆಸ್ಪತ್ರೆಯಿಂದ ಆಂಟಿ ದಿನಾ ಫೋನ್ ಮಾಡುತ್ತಿದ್ದರು. ತಮ್ಮ ಮಂಡಿಯ ಸುದ್ದಿಯನ್ನು ಎತ್ತುತ್ತಲೇ ಇರಲಿಲ್ಲ.

"ತಂಬಿ ಮಕಾನ್ ಆಯ್ತಾ?" ಮಲಯದಲ್ಲಿ ಮಕಾನ್ ಎಂದರೆ ಊಟ.

"ಇನ್ನೂ ತಿಂದಿಲ್ಲ ಆಂಟಿ."

"ಪರವಾಗಿಲ್ಲ. ಅವನಿಗೆ ಯೋಚನೆ ಮಾಡಕ್ಕೆ ಟೈಮ್ ಬೇಕು ಲಾ."

ಡಾಕ್ಟರ್ ಬಂದು ಗಾಯ ನೋಡಿ, ವಾಸಿಯಾಗುತ್ತಿದೆ, ಆದರೆ ಇನ್ನೊಂದು ವಾರ ತಿನ್ನದಿದ್ದರೆ ಕಷ್ಟ ಎಂದು ಹೇಳಿಹೋದರು. ಮರುದಿನದಿಂದ ಅದಿತಿ ತನ್ನ ಹೋಂವರ್ಕ್ ತಂದು ಆ ಕೋಣೆಯ ನೆಲದ ಮೇಲೆ ಕೂರತೊಡಗಿದಳು. ನಾನು ದಿನವೂ ಆಹಾರ ಹಿಡಿದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅವಳು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಹಾಗೆ ಯಾರೂ ನೋಡದಿದ್ದಾಗ, ಒಂದು ಸಂಜೆ, ಎಲೆಗಳ ನಡುವೆ ಹಳದಿ ಪಟ್ಟೆಗಳ ಒಂದು ತಲೆ ಮೇಲೆ ಬಂತಂತೆ. "ಅಮ್ಮಾ, ಹಿ ಏಟ್ ದ ವರ್ಮ್," ಎಂದು ಅವಳು ಅಡುಗೆಮನೆಗೆ ಬಂದು ಹೇಳಿದಳು. ನಾನು ಕೈ ತೊಳೆಯದೆ ಆಂಟಿಗೆ ಫೋನ್ ಮಾಡಿದೆ.

ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು ಎಂದುಕೊಂಡೆವು. ಆದರೆ ಸ್ವಲ್ಪ ದಿನ ಕಳೆದ ಮೇಲೆ ತಂಬಿ ಮತ್ತೆ ಊಟ ಬಿಟ್ಟಿತು. ತೊಟ್ಟಿಯ ಗೋಡೆಗುಂಟ ಸುತ್ತಿತು, ಗೋಡೆ ಹತ್ತಲು ನೋಡಿತು. ಒಂದು ಭಾನುವಾರ ಮಧ್ಯಾಹ್ನ ಮಣ್ಣಿನ ಮೂಲೆಗೆ ಹೋಗಿ, ನಮಗೆ ಮುಖಮಾಡಿ ನಿಂತು, ಹಿಂಗಾಲಿನಿಂದ ಅಗೆಯತೊಡಗಿತು. ಎಡಗಾಲು ಒಂದಿಷ್ಟು ಮಣ್ಣು ಎತ್ತಿ ಪಕ್ಕಕ್ಕಿಡುವುದು, ಆಮೇಲೆ ಬಲಗಾಲಿನ ಸರದಿ. ಉಡ ಕಚ್ಚಿದ್ದು ಆ ಬಲಗಾಲನ್ನೇ. ಪಾದವಿಲ್ಲದ ಆ ಮೋಟು ಕುಳಿಯೊಳಗೆ ಇಳಿದು, ಏನೂ ಎತ್ತದೆ ಮೇಲೆ ಬಂದು, ಇಲ್ಲದ ಮಣ್ಣನ್ನು ಜೋಪಾನವಾಗಿ ಪಕ್ಕಕ್ಕಿಡುತ್ತಿತ್ತು. ಒಂದು ಸಲವೂ ತನ್ನ ಸರದಿ ತಪ್ಪಿಸಲಿಲ್ಲ. ನಾವಿಬ್ಬರೂ ಊಟ ಮರೆತು ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದೆವು. ಕೊನೆಗೆ ಆ ಕುಳಿಯೊಳಗೆ ಉದ್ದನೆಯ ಬಿಳಿ ಮೊಟ್ಟೆಯೊಂದು ಇಳಿಯಿತು. ತಂಬಿ ಕಣ್ಣು ಮುಚ್ಚಿ ತೆರೆದು, ಅದರ ಮೇಲೆ ಮಣ್ಣೆಳೆಯಿತು. ಅಂಗರಚನೆ ಕಲಿಸುವ ನಾನು ಇಷ್ಟು ದಿನ ಅದರ ಕಾಲಿಗೆ ಮುಲಾಮು ಹಚ್ಚುತ್ತ, ಅದು ಗಂಡೋ ಹೆಣ್ಣೋ ಎಂದು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಗಂಡಿನ ಜತೆ ಕೂಡಿದ ಮೇಲೆ ಹೆಣ್ಣಾಮೆ ಆ ಬೀಜವನ್ನು ವರ್ಷಗಟ್ಟಲೆ ಒಳಗೆ ಕಾಪಾಡಿಕೊಳ್ಳಬಲ್ಲದು ಎಂದರು ಡಾಕ್ಟರ್. ಯಾವುದೋ ಮಳೆಗಾಲದಲ್ಲಿ ಅದೇ ಚರಂಡಿಯಿಂದ ಇನ್ನೊಂದು ಆಮೆ ಬಂದಿದ್ದಿರಬಹುದು. ಮೊಟ್ಟೆಯನ್ನು ಬಿದ್ದ ಹಾಗೇ, ತಿರುಗಿಸದೆ, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ನಾರಿನ ಪುಡಿಯ ಮೇಲೆ ಇಡಲು ಹೇಳಿದರು. ಆಂಟಿಗೆ ಫೋನಿನಲ್ಲಿ ತಿಳಿಸಿದೆ.

"ಮಲ್ಲಿಗೆ ಗಿಡದ ಬುಡ ಅಗೀತಿದ್ದಳು ಮಾ," ಎಂದರು ಅವರು. "ಪ್ರತಿ ವರ್ಷ. ಗಿಡ ಹಾಳು ಮಾಡ್ತಾನೆ ಅಂತ ನಾನು ಎತ್ತಿ ಆ ಕಡೆ ಬಿಡ್ತಿದ್ದೆ."

ಆಂಟಿ ಕೋಲೂರಿಕೊಂಡು ಮರಳಿ ಬಂದ ತಿಂಗಳಲ್ಲೇ ಮೊಟ್ಟೆ ಬಿರಿಯಿತು. ಅವರು ಡಬ್ಬಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲು ಒಂದು ಚುಕ್ಕಿಯಷ್ಟು ತೂತು, ಅದರಲ್ಲಿ ಮೂತಿಯ ತುದಿಯ ಬಿಳಿ ಮೊನೆ. ಆಮೇಲೆ ಸುಮ್ಮನಾಯಿತು. ಬೆಳಗು ಕಳೆದು ಸಂಜೆಯಾದರೂ ಅಷ್ಟೇ. ಸಹಾಯ ಮಾಡೋಣವೇ ಎಂದು ನಾನು ಕೈ ಚಾಚಿದೆ.

"ಬಿಡು ಮಾ," ಎಂದು ಆಂಟಿ ನನ್ನ ಕೈ ಹಿಡಿದುಕೊಂಡರು. "ಅದಕ್ಕೆ ಗೊತ್ತು."

ಮರುದಿನ ಬೆಳಿಗ್ಗೆ ಮರಿ ಹೊರಗಿತ್ತು. ಇಲ್ಲಿನ ಐವತ್ತು ಸೆನ್ ನಾಣ್ಯದ ಎರಡರಷ್ಟು ಅಗಲದ ಚಿಪ್ಪು, ಮುಖದ ಮೇಲೆ ತಾಯಿಯದೇ ಹಳದಿ ಪಟ್ಟೆ. ನಾನು ಜೋರಾಗಿ ಉಸಿರಾಡಿದ್ದಕ್ಕೇ ಬೆದರಿ ತಲೆ ಒಳಗೆಳೆದುಕೊಂಡಿತು. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದನ್ನು ಇಟ್ಟುಕೊಳ್ಳುವುದು ಬೇಡ ಎಂದರು. ವನ್ಯಜೀವಿ ಇಲಾಖೆಯವರು ಬಂದು, ದೊಡ್ಡದಾದ ಮೇಲೆ ಕಾಡಿನ ಕೆರೆಗೆ ಬಿಡುತ್ತೇವೆಂದು ಒಯ್ದರು. ತಾಯಿ ಆಂಟಿಯ ಹಿತ್ತಿಲಿಗೆ ಮರಳಿತು. ಚರಂಡಿಯ ಬಾಯಿಗೆ ಈಗ ಕಬ್ಬಿಣದ ಜಾಲರಿಯಿದೆ.

ನಿನ್ನೆ ಸಂಜೆ ನಾನೂ ಅದಿತಿಯೂ ಅಲ್ಲಿಗೆ ಹೋಗಿದ್ದೆವು. ಮಲ್ಲಿಗೆಯನ್ನು ಆಂಟಿ ಕೀಳಿಸಿ ಗೇಟಿನ ಪಕ್ಕ ನೆಡಿಸಿದ್ದಾರೆ. ಅದಿದ್ದ ಜಾಗದಲ್ಲಿ ಮಣ್ಣು ಸಡಿಲ ಮಾಡಿಸಿದ್ದಾರೆ. ಟೀ ಕುಡಿಯುತ್ತಿದ್ದಾಗ ತಂಬಿ ನಿಧಾನವಾಗಿ ಅಲ್ಲಿಗೆ ಬಂದು, ನಮಗೆ ಮುಖಮಾಡಿ ನಿಂತಳು. ಅದಿತಿಯ ಹೋಂವರ್ಕ್, ನಾಳೆಯ ತರಗತಿ, ಅಡುಗೆ, ಎಲ್ಲ ತಲೆಯಿಂದ ಇಳಿದುಹೋದವು. ಆಂಟಿ ಲೋಟ ಕೆಳಗಿಟ್ಟು, ಕೋಲೂರಿಕೊಂಡು ಹೋಗಿ ಗೇಟಿನ ಚಿಲಕ ಹಾಕಿ ಬಂದರು.

"ಯಾರಾದ್ರೂ ಬಂದ್ರೆ ಹೊರಗೆ ಕಾಯ್ಲಿ," ಎಂದು ಪಿಸುಗುಟ್ಟಿ, ನಮ್ಮ ಪಕ್ಕ ಕೂತರು.