ಬಿಸಿಲು ಬೇಡ, ಜನ ಬೇಕು

ನಮ್ಮ ಅತ್ತೆ ಪಾದ ಎತ್ತಿ ನಡೆದದ್ದನ್ನು ನಾನು ಕಂಡೇ ಇಲ್ಲ. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಹೆಬ್ಬೆರಳುಗಳನ್ನು ತುಸು ಒಳಕ್ಕೆ ತಿರುಗಿಸಿ, ಎಳೆದುಕೊಂಡು ಹೋಗುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಪಾಪ, ಮಂಡಿನೋವಿರಬೇಕು ಅಂದುಕೊಂಡಿದ್ದೆ. ಅದು ಕಾಫಿ ಕಣದ ನಡಿಗೆ ಎಂದು ಆಮೇಲೆ ಗೊತ್ತಾಯಿತು. ಕಣದಲ್ಲಿ ಹರವಿದ ಹಣ್ಣಿನ ಮಧ್ಯೆ ಹೀಗೆ ಪಾದ ಎಳೆದುಕೊಂಡು ನಡೆದರೆ ಹಿಂದೆ ಸಾಲು ಬೀಳುತ್ತದೆ, ಅಡಿಯಲ್ಲಿದ್ದ ಹಣ್ಣು ಮೇಲೆ ಬಂದು ಬಿಸಿಲು ಕಾಣುತ್ತದೆ. ಮೂವತ್ತೈದು ವರ್ಷ ಹಾಗೆ ನಡೆದ ಪಾದಗಳು ಅಡುಗೆಮನೆಯಲ್ಲೂ, ಮದುವೆ ಛತ್ರದಲ್ಲೂ, ಮೂಡಿಗೆರೆಯ ಸಂತೆಯಲ್ಲೂ ಅದೇ ಕೆಲಸ ಮುಂದುವರಿಸುತ್ತಿದ್ದವು. ವರ್ಷಕ್ಕೆ ಎರಡು ಜೊತೆ ಚಪ್ಪಲಿ ಸವೆಯುತ್ತಿತ್ತು. ಅಂಗಡಿಯವನು ಅವರನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದ.

ನಮ್ಮ ತೋಟ ಇರುವುದು ಜಾವಳಿಯ ಕಡೆ. ಶನಿವಾರ ಬಂತೆಂದರೆ ದೇವರಮನೆ ಗುಡ್ಡಕ್ಕೆ ಹೋಗುವ ಕಾರುಗಳು ದಾರಿ ಕೇಳಲು ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ. ನಾಡಿನ ಜನವೆಲ್ಲ ಪ್ರವಾಸಕ್ಕೆ ಬರುವ ಜಾಗದಲ್ಲೇ ಮನೆ ಮಾಡಿಕೊಂಡವರು ಪ್ರವಾಸಕ್ಕೆಂದು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ಕಾಲ ಏಳಲೇ ಇಲ್ಲ. ಹೋಗಲು ಪುರುಸೊತ್ತು ಅಂತ ಸಿಕ್ಕರೆ ಅದು ಫೆಬ್ರವರಿಯ ಕೊನೆಯ ಹತ್ತು ಹನ್ನೆರಡು ದಿನ ಮಾತ್ರ. ಅಷ್ಟರಲ್ಲಿ ಕೊಯ್ಲು ಮುಗಿದು, ಒಣಗಿದ ಕಾಫಿ ಲಾರಿ ಹತ್ತಿ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರಿರುತ್ತದೆ. ಗಿಡದಲ್ಲಿ ಹೂ ಅರಳಿಸುವ ಮಳೆ ಇನ್ನೂ ಬಂದಿರುವುದಿಲ್ಲ.

ಆ ಹತ್ತು ದಿನಗಳನ್ನು ಮಾವನವರು ಆಕಾಶ ನೋಡುವುದರಲ್ಲೇ ಕಳೆಯುತ್ತಿದ್ದರಂತೆ. ಎಲ್ಲಿಗಾದರೂ ಹೋಗೋಣವೇ ಎಂದು ಅತ್ತೆ ಕೇಳಿದರೆ "ಹೂಮಳೆ ಆಗ್ಲಿ" ಅನ್ನುವರು. ಹೂಮಳೆ ಆಯಿತು, ಹೂ ಕಾಯಿ ಕಟ್ಟಲು ಇನ್ನೊಂದು ಮಳೆ ಆಗಲಿ. ಅದೂ ಆಯಿತು, ಕಾಯಿ ನಿಲ್ಲಲಿ. ಕಾಯಿ ನಿಂತಿತು, ಔಷಧಿ ಹೊಡೆದಾಗಲಿ. ಆಮೇಲೆ ಮಳೆಗಾಲ ಮುಗಿಯಲಿ. ಅದು ಮುಗಿಯುವ ಹೊತ್ತಿಗೆ ಮತ್ತೆ ಹಣ್ಣು ಕೆಂಪಾಗಿರುತ್ತಿತ್ತು.

"ನಿಮ್ಮ ಮಾವ ಸುಳ್ಳು ಹೇಳೋ ಜನ ಅಲ್ಲ" ಎಂದು ಅತ್ತೆ ಹೇಳುತ್ತಿದ್ದರು. "ಕರ್ಕೊಂಡು ಹೋಗಲ್ಲ ಅಂತ ಒಂದು ದಿನಾನೂ ಅನ್ಲಿಲ್ಲ. ಆಗ್ಲಿ ಆಗ್ಲಿ ಅಂತಾನೇ ಆಯಸ್ಸು ಮುಗಿಸಿದ್ರು."

ಮಾವ ತೀರಿಕೊಂಡ ಎರಡನೆಯ ವರ್ಷ, ಕಡೆಯ ಲಾರಿ ಹೊರಟ ದಿನ, ನಾನೇ ಧೈರ್ಯ ಮಾಡಿ ಗೋವಾದಲ್ಲಿ ಎರಡು ದಿನಕ್ಕೆ ರೂಮು ಗೊತ್ತು ಮಾಡಿದೆ. ಗೋವಾ ನನ್ನ ಆಸೆ. ವರ್ಷದಲ್ಲಿ ಐದು ತಿಂಗಳು ಒಣಗದ ಬಟ್ಟೆಯ ವಾಸನೆ ಕುಡಿದು ಬದುಕುವವಳಿಗೆ ಸಮುದ್ರದ ದಡದಲ್ಲಿ ಸುಮ್ಮನೆ ಬಿಸಿಲಿಗೆ ಮೈಯೊಡ್ಡಿ ಕೂರುವುದಕ್ಕಿಂತ ದೊಡ್ಡ ಸುಖ ಕಾಣಲಿಲ್ಲ. ಯಜಮಾನರು ಅಪ್ಪನ ಹಾಗೆಯೇ ಆಕಾಶ ನೋಡಿ, "ನಾನು ಬಿಟ್ಟು ಬರಕ್ಕಾಗಲ್ಲ, ನೀವಿಬ್ರೇ ಹೋಗ್ಬನ್ನಿ" ಅಂದರು. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನಾನೂ ಅತ್ತೆಯೂ ಇಬ್ಬರೇ ಎಲ್ಲಿಗೂ ಹೋದವರಲ್ಲ. ನನಗೆ ಅವರೆಂದರೆ ಸ್ವಲ್ಪ ಹೆದರಿಕೆಯೇ ಇತ್ತು.

ಗೋವಾದ ಮೊದಲ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕೊಡೆ ಬಿಡಿಸಿ ಮರಳಿನ ಮೇಲೆ ನಿಂತರು. ಸಮುದ್ರದ ಕಡೆ ನೋಡಲೇ ಇಲ್ಲ. ಬಗ್ಗಿ ಒಂದು ಹಿಡಿ ಮರಳು ತೆಗೆದು, ಅದರ ಬಿಸಿ ನೋಡಿ, ಎಡಕ್ಕೂ ಬಲಕ್ಕೂ ಕಣ್ಣು ಹಾಯಿಸಿ ನಿಟ್ಟುಸಿರು ಬಿಟ್ಟರು.

"ಎಂಥ ಕಣ ಮಾರಾಯ್ತಿ! ಇಲ್ಲಿ ಹರವಿದ್ರೆ ಆರೇ ದಿನಕ್ಕೆ ಕಟಕಟಾಂತ ಒಣಗ್ತಿತ್ತು. ಸುಮ್ನೆ ಖಾಲಿ ಬಿಟ್ಕೊಂಡಿದಾರಲ್ಲ."

ಖಾಲಿ ಏನೂ ಇರಲಿಲ್ಲ. ಉದ್ದಕ್ಕೂ ಬಿಳಿ ಜನ ಚಾಪೆ ಹಾಸಿಕೊಂಡು ಮಲಗಿದ್ದರು. ಅತ್ತೆ ಅವರ ನಡುವೆ ಕೊಡೆ ಹಿಡಿದು, ಮೇಸ್ತ್ರಿ ಕೆಲಸ ನೋಡುವ ಹಾಗೆ, ಒಂದು ಸುತ್ತು ಬಂದರು. ನನಗೆ ನಾಚಿಕೆಯಾಗಿ ಹಿಂದೆಯೇ ಓಡಿದೆ.

"ಇವರ್ನೆಲ್ಲ ಮಗುಚಿ ಹಾಕೋರು ಯಾರೂ ಇಲ್ವಾ?" ಎಂದು ಕೇಳಿದರು.

"ಅತ್ತೆ, ಮೆಲ್ಲಗೆ ಮಾತಾಡಿ. ಅವರು ಬೇಕು ಅಂತಾನೇ ಮಲಗಿದಾರೆ."

"ಬೇಕು ಅಂತ ಮಲಗ್ಲಿ. ನೋಡಿಲ್ಲಿ, ಈ ಹುಡುಗಿ ಒಂದು ಮಗ್ಗುಲು ಹಣ್ಣಾಗೋಗಿದೆ, ಇನ್ನೊಂದು ಮಗ್ಗುಲು ಹಾಗೇ ಇದೆ!"

ನಾನು ತಡೆಯುವಷ್ಟರಲ್ಲಿ ಕೊಡೆಯ ಹಿಡಿಯಿಂದ ಆ ಹುಡುಗಿಯ ಭುಜ ತಟ್ಟಿಯಾಗಿತ್ತು. ಅವಳು ಗಾಬರಿಯಿಂದ ಕಣ್ಣು ಬಿಟ್ಟಳು. ಅತ್ತೆ ಅಂಗೈಯನ್ನು ದೋಸೆ ಮಗುಚಿದ ಹಾಗೆ ಮಗುಚಿ ತೋರಿಸಿದರು. ಅವಳು ತನ್ನ ತೋಳು ನೋಡಿಕೊಂಡಳು, ಚೀರಿದಳು, ಎದ್ದು ನೆರಳಿಗೆ ಓಡಿದಳು. ಸಂಜೆ ಹೋಟೆಲಿನ ಬಾಗಿಲಲ್ಲಿ ಸಿಕ್ಕಿದಾಗ ಮೈಗೆಲ್ಲ ಏನೋ ಬಿಳಿ ಕ್ರೀಮು ಬಳಿದುಕೊಂಡು ಅತ್ತೆಗೆ ಕೈ ಮುಗಿದಳು. ಅತ್ತೆ ಅವಳ ತಲೆ ಸವರಿ, "ಸೊಪ್ಪಿನ ಸಾರು ಉಣ್ಣು, ಉಷ್ಣ ಇಳಿಯುತ್ತೆ" ಎಂದು ಕನ್ನಡದಲ್ಲೇ ಹೇಳಿದರು. ಅವಳು ಭಕ್ತಿಯಿಂದ ತಲೆಯಾಡಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ಚೆನ್ನಾಗಿತ್ತಾ ಎಂದು ಕೇಳಿದೆ.

"ಚೆನ್ನಾಗಿತ್ತು ಕಣೇ, ಇಲ್ಲ ಅನ್ನಲ್ಲ. ಆದ್ರೆ ಬಿಸಿಲು ನಾನು ಬೇಕಾದಷ್ಟು ಕಂಡಿದೀನಿ. ನಂಗೆ ಬಿಸಿಲು ಬೇಡ, ಜನ ಬೇಕು."

"ಜನ ಅಂದ್ರೆ?"

"ತೋಟದಲ್ಲಿ ದಿನಾ ಅದೇ ನಲವತ್ತು ಮುಖ. ಮೂಡಿಗೆರೆಗೆ ಹೋದ್ರೆ ಅಮ್ಮಾವ್ರೇ ಅಮ್ಮಾವ್ರೇ ಅಂತ ಎದ್ದು ನಿಲ್ತಾರೆ, ಒಂದು ಐಸ್‌ಕ್ರೀಮ್ ತಿನ್ನಕ್ಕೂ ಸಂಕೋಚ. ನನ್ನ ಗುರುತೇ ಇಲ್ಲದ ದೊಡ್ಡ ಪೇಟೇಲಿ ನಾಕು ದಿನ ತಿರುಗ್ಬೇಕು. ಯಾರೂ ತಿರುಗಿ ನೋಡ್ಬಾರ್ದು. ಮುಂದಿನ ವರ್ಷ ನಾನು ಹೇಳಿದ ಊರು."

ನಂಗೆ ಬೇಕು ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮುಂದಿನ ಫೆಬ್ರವರಿಗೆ ಮುಂಬೈ ಎಂದು ನಿಶ್ಚಯವಾಯಿತು. ಮಂಗಳೂರಿನಿಂದ ರೈಲು, ಮಾಟುಂಗದಲ್ಲೊಂದು ಲಾಡ್ಜು. ನಾನು ನೋಡಬೇಕಾದ ಜಾಗಗಳ ಪಟ್ಟಿ ಮಾಡಿಕೊಂಡಿದ್ದೆ. ಅತ್ತೆಗೆ ಅದರಲ್ಲಿ ಒಂದೂ ಬೇಕಿರಲಿಲ್ಲ. ರಸ್ತೆ ದಾಟುವುದೇ ಅವರಿಗೆ ಆಟವಾಗಿತ್ತು. ಸಿಗ್ನಲ್ಲಿನ ಹತ್ತಿರ ನಿಂತು, ನೂರಾರು ಜನ ಒಟ್ಟಿಗೆ ಹೊರಟ ಕೂಡಲೇ ಅವರ ಜೊತೆ ದಾಟಿ, ಆಚೆ ತಲುಪಿ, ಮತ್ತೆ ಈಚೆಗೆ ಬರುತ್ತಿದ್ದರು. "ಯಾರೂ ನೋಡ್ಲಿಲ್ಲ, ಒಬ್ರೂ ನೋಡ್ಲಿಲ್ಲ!" ಎಂದು ಗುಟ್ಟು ಹೇಳುವ ಹಾಗೆ ನನಗೆ ಹೇಳಿದರು. ರಸ್ತೆಯ ಮಧ್ಯದಲ್ಲೇ ನಿಂತು ಐಸ್‌ಕ್ರೀಮ್ ತಿಂದರು.

ಮೂರನೆಯ ದಿನ ಮಧ್ಯಾಹ್ನ ಲೋಕಲ್ ರೈಲಿನಲ್ಲಿ ವಾಪಸು ಬರುತ್ತಿದ್ದೆವು. ನಮಗೆ ದಾದರಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಹೆಂಗಸರ ಡಬ್ಬಿ. ಕಿಟಕಿ ಪಕ್ಕ ಕೂತ ಹೆಂಗಸೊಬ್ಬಳು ರಾತ್ರಿಯ ಅಡುಗೆಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅತ್ತೆ ಅವಳ ಎದುರಿಗೇ ಜಾಗ ಹಿಡಿದರು. ಎರಡು ನಿಮಿಷ ನೋಡಿದರು. ಆಮೇಲೆ ಕೈ ಚಾಚಿ ಅರ್ಧ ಕಟ್ಟನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆ ಹೆಂಗಸು ಆಶ್ಚರ್ಯವನ್ನೇನೂ ಪಡದೆ ಸ್ವಲ್ಪ ಸರಿದು ಕೂತಳು.

ದಾದರ್ ಹತ್ತಿರ ಬಂತು. ಬಾಗಿಲ ಬಳಿ ಜಾಗ ಮಾಡಿಕೊಳ್ಳೋಣವೆಂದು ನಾನು ಮುಂದೆ ಹೋಗಿ, "ಅತ್ತೆ, ಬನ್ನಿ" ಎಂದು ಕೂಗಿದೆ. ಅಷ್ಟೇ ನನಗೆ ನೆನಪಿರುವುದು. ಮರುಗಳಿಗೆ ನಾನು ಪ್ಲಾಟ್‌ಫಾರ್ಮಿನ ಮೇಲಿದ್ದೆ. ಇಳಿದದ್ದಲ್ಲ, ಜನ ಇಳಿಸಿದ್ದು. ತಿರುಗಿ ನೋಡುವಷ್ಟರಲ್ಲಿ ಹತ್ತುವವರು ಗೋಡೆಯ ಹಾಗೆ ನಿಂತಿದ್ದರು. ರೈಲು ಹೊರಟಿತು. ಕಿಟಕಿಯಲ್ಲಿ ಅತ್ತೆಯ ತಲೆ ಕಂಡಿತು. ಅದು ಸೊಪ್ಪಿನ ಕಡೆಗೇ ಬಗ್ಗಿತ್ತು.

ಅವರ ಹತ್ತಿರ ಫೋನಿರಲಿಲ್ಲ. ಹಿಂದಿಯೂ ಬರುತ್ತಿರಲಿಲ್ಲ. ಲಾಡ್ಜಿನ ಹೆಸರನ್ನು ನಾನು ಹೇಳಿಯೂ ಇರಲಿಲ್ಲ. ನಾನು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಓಡಿದೆ, ಪೊಲೀಸರಿಗೆ ಅರ್ಧ ಹಿಂದಿ ಅರ್ಧ ಅಳುವಿನಲ್ಲಿ ಹೇಳಿದೆ. ಗುರುತು ಏನು ಎಂದು ಕೇಳಿದರು. ಪಾದ ಎಳೆದು ನಡೆಯುತ್ತಾರೆ ಎಂದೆ. ಕೂತವರನ್ನು ಅದರಿಂದ ಹುಡುಕುವುದು ಹೇಗೆ ಎಂಬಂತೆ ಅವರು ನನ್ನನ್ನು ನೋಡಿದರು. ಊರಿಗೆ ಫೋನ್ ಮಾಡಿ, ನಿಮ್ಮ ಅಮ್ಮನನ್ನು ಕಳೆದೆ ಎಂದು ಯಾವ ಬಾಯಲ್ಲಿ ಹೇಳುವುದು? ಫೋನ್ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗ ಅದೇ ರಿಂಗಾಯಿತು. ಯಜಮಾನರು.

"ಎಲ್ಲಿದೀಯ ನೀನು?" ಎಂದು ಕೂಗಿದರು. "ಅಮ್ಮ ಫೋನ್ ಮಾಡಿದ್ಳು. ನೀನು ಕಳೆದುಹೋಗಿದೀಯಂತೆ!"

ಸಿಗ್ನಲ್ ಸಿಕ್ಕದ ನಮ್ಮ ಕಡೆ ಲ್ಯಾಂಡ್‌ಲೈನ್ ಇನ್ನೂ ಬದುಕಿದೆ. ಅತ್ತೆಗೆ ಬಾಯಿಪಾಠ ಬರುತ್ತಿದ್ದ ನಂಬರು ಅದೊಂದೇ. ಸೊಪ್ಪಿನ ಹೆಂಗಸಿನ ಫೋನಿನಿಂದ ಮನೆಗೆ ಮಾಡಿ, "ಸೊಸೆ ಯಾವುದೋ ಸ್ಟೇಷನ್ನಲ್ಲಿ ಇಳಿದುಬಿಟ್ಟಿದಾಳೆ, ಪಾಪ ಹೊಸ ಊರು, ಹೆದರ್ಕೊಂಡಿರ್ತಾಳೆ, ಮುಂದೆ ಠಾಣೆ ಅಂತ ಒಂದು ರೈಲ್ವೆ ಸ್ಟೇಷನ್ ಇದೆಯಂತೆ, ಅಲ್ಲಿಗೆ ಬರಕ್ಕೆ ಹೇಳು" ಅಂದಿದ್ದರಂತೆ.

ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತು ವಡಾಪಾವ್ ತಿನ್ನುತ್ತಿದ್ದರು. ಮಧ್ಯದಲ್ಲಿ ಬಿಡಿಸಿದ ಸೊಪ್ಪಿನ ಚೀಲ. ಅತ್ತೆ ಕನ್ನಡದಲ್ಲಿ, ಆಕೆ ಮರಾಠಿಯಲ್ಲಿ, ಮಾತು ಎಲ್ಲೂ ನಿಂತಂತೆ ಕಾಣಲಿಲ್ಲ. ಆಕೆ ನನ್ನನ್ನು ನೋಡಿ ಹಿಂದಿಯಲ್ಲಿ, ಸೊಸೆ ನೀನೇ ತಾನೆ, ಸಾರಿಗೆ ಹುಳಿ ಜಾಸ್ತಿ ಹಾಕುತ್ತೀಯಂತೆ ಅಂದಳು. ಅದನ್ನು ಯಾವ ಭಾಷೆಯಲ್ಲಿ ದಾಟಿಸಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ಎಷ್ಟು ಹೊತ್ತು ಕಾಯೋದು ಮಾರಾಯ್ತಿ" ಎಂದರು ಅತ್ತೆ. ನಾನು ಅಲ್ಲೇ ಅವರ ಮಡಿಲಲ್ಲಿ ತಲೆ ಇಟ್ಟು ಅತ್ತುಬಿಟ್ಟೆ. ಮದುವೆಯಾಗಿ ಹತ್ತು ವರ್ಷದಲ್ಲಿ ಅವರನ್ನು ನಾನು ಹಾಗೆ ಮುಟ್ಟಿರಲಿಲ್ಲ. ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಕೈಯೆಲ್ಲ ಮೆಂತ್ಯದ ಕಹಿ ವಾಸನೆ.

"ನಾನು ಹೆದರ್ಲಿಲ್ಲ ಅಂದ್ಕೊಂಡ್ಯಾ? ರೈಲು ಬಿಟ್ಟಿದ್ದು ಗೊತ್ತಾದಾಗ ಎದೆ ಧಸಕ್ಕಂತು. ನೋಡಿದ್ರೆ ಮಡಿಲಲ್ಲಿ ಅರ್ಧ ಸೊಪ್ಪು ಬಾಕಿ. ಒಪ್ಕೊಂಡ ಕೆಲಸ ಬಿಟ್ಟು ಅಳೋದು ಹ್ಯಾಗೆ? ಮುಗಿಸಿ ಅಳಾಣ ಅಂದ್ಕೊಂಡೆ. ಮುಗಿಯೋ ಹೊತ್ತಿಗೆ ಅಳೂ ಹೋಗಿತ್ತು."

ಊರಿಗೆ ಬಂದ ಮೇಲೆ ಯಜಮಾನರು ಗಂಭೀರವಾಗಿ, ಇನ್ನು ಪ್ರವಾಸ ಸಾಕು ಅಂದರು. "ಇವಳು ಕಳೆದುಹೋಗ್ತಾಳೆ ಅಂತ ನಾನು ಮನೇಲಿ ಕೂರ್ಲಾ?" ಎಂದು ಅತ್ತೆ ಕೇಳಿದರು. "ಮುಂದಿನ ಸಲ ಗಟ್ಟಿಯಾಗಿ ಕೈ ಹಿಡ್ಕೊಳ್ತೀನಿ ಬಿಡು."

ಹಾಗೆಯೇ ಹಿಡಿದುಕೊಂಡರು. ಒಂದು ವರ್ಷ ನನ್ನ ಬಿಸಿಲು, ಒಂದು ವರ್ಷ ಅವರ ಪೇಟೆ ಎಂದು ನಮ್ಮಲ್ಲಿ ಒಪ್ಪಂದವಾಯಿತು. ಕನ್ಯಾಕುಮಾರಿಯಲ್ಲಿ ನಾನು ಮರಳಿನ ಮೇಲೆ ಮಲಗಿದ್ದರೆ ಅರ್ಧ ಗಂಟೆಗೊಮ್ಮೆ "ಮಗ್ಗುಲು!" ಎಂದು ಕೂಗುತ್ತಿದ್ದರು. ಹೈದರಾಬಾದಿನ ಮಾಲಿನಲ್ಲಿ, ಪಾದ ಎತ್ತಲೇಬೇಕಾದ ಎಸ್ಕಲೇಟರಿನ ಮುಂದೆ ಇಬ್ಬರೂ ಕೈ ಕೈ ಹಿಡಿದು ಹತ್ತು ನಿಮಿಷ ನಿಂತಿದ್ದೆವು. ಹಿಂದೆ ಸಾಲು ಬೆಳೆಯಿತು. ಅತ್ತೆ ತಿರುಗಿ ಆ ಜನರನ್ನೆಲ್ಲ ತೃಪ್ತಿಯಿಂದ ನೋಡುತ್ತಿದ್ದರು.

ಅವರಿಗೆ ಕಾಯಿಲೆ ಶುರುವಾದದ್ದು ಒಂದು ದೀಪಾವಳಿಯ ಆಸುಪಾಸಿನಲ್ಲಿ. ಊರಿಗೆ ಹತ್ತಿರ, ಸುತ್ತ ಮರಗಳಿರುವ, ಸದ್ದುಗದ್ದಲವಿಲ್ಲದ ಒಂದು ನರ್ಸಿಂಗ್ ಹೋಮನ್ನು ಯಜಮಾನರು ಗೊತ್ತು ಮಾಡಿದ್ದರು. ಅತ್ತೆ ಒಪ್ಪಲಿಲ್ಲ. "ಮರ ಸಾಕು ಕಣೋ" ಅಂದರು. ಮಂಗಳೂರಿನಲ್ಲಿ, ಬಸ್ಸುಗಳು ಸುತ್ತುವ ಸರ್ಕಲ್ಲಿನ ಮೇಲೆಯೇ ಇದ್ದ ಆಸ್ಪತ್ರೆಗೆ ಸೇರಿಸಿದೆವು. ಐದನೆಯ ಮಹಡಿ. ನರ್ಸಮ್ಮನನ್ನು ಪುಸಲಾಯಿಸಿ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡರು. ಇಡೀ ದಿನ ಕೆಳಗೆ ನೋಡುವರು. ಹಳದಿ ಸೀರೆಯವಳಿಗೆ ಇವತ್ತೂ ಬಸ್ಸು ತಪ್ಪಿತು, ಹಣ್ಣಿನ ಗಾಡಿಯವನು ಜಾಗ ಬದಲಾಯಿಸಿದ ಎಂದು ನನಗೆ ವರದಿ ಒಪ್ಪಿಸುವರು.

"ಇದೂ ಒಂದು ಟೂರೇ ಬಿಡು" ಎಂದರು ಒಂದು ಸಂಜೆ. "ಈ ವರ್ಷ ನಿನ್ನ ಸರದಿ ಇತ್ತು. ನಾನು ನುಂಗಿಬಿಟ್ಟೆ."

"ಪರವಾಗಿಲ್ಲ ಅತ್ತೆ."

"ಪರವಾಗಿಲ್ಲ ಅನ್ಬೇಡ. ನಿಂಗೆ ಬೇಕಿತ್ತಲ್ಲ, ಬೇಕಿತ್ತು ಅನ್ನು. ನಾನು ಅನ್ನದೇ ಎಷ್ಟು ವರ್ಷ ಕೂತೆ ನೋಡು."

"ಬೇಕಿತ್ತು" ಎಂದೆ.

"ಹಾಂ, ಹಾಗೆ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಡಿಸೆಂಬರಿನಲ್ಲಿ, ಕೊಯ್ಲಿನ ನಡುವೆ, ಒಂದು ಬೆಳಿಗ್ಗೆ ಹೋದರು. ಅವರನ್ನು ತೋಟಕ್ಕೆ ಕರೆತಂದ ದಿನ ಕಣದ ಕೆಲಸ ನಿಂತಿತು. ಮಾರನೆಯ ದಿನ ಹಣ್ಣು ಕೊಳೆಯಬಾರದೆಂದು ಹೆಣ್ಣಾಳುಗಳೇ ಬಂದು, ಯಾರೂ ಹೇಳದೆ, ಹರವಿ ಹೋದರು.

ಫೆಬ್ರವರಿ ಬಂತು. ಕಡೆಯ ಲಾರಿ ಗೇಟು ದಾಟಿತು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಯಜಮಾನರು ಪಕ್ಕದಲ್ಲಿ ಬಂದು ನಿಂತರು. ಈ ವರ್ಷ ಬೇಡ ಅಲ್ವಾ ಎಂದು ಕೇಳುತ್ತಾರೆ, ಹೂಂ ಎಂದುಬಿಡೋಣ ಎಂದು ಕಾಯುತ್ತಿದ್ದೆ. ಅವರು "ಈ ಸಲ ಎಲ್ಲಿಗೆ ಹೋಗ್ಬೇಕು ನಿಂಗೆ?" ಎಂದರು.

ಹೋಗುತ್ತೀಯಾ ಎಂದು ಕೇಳಲಿಲ್ಲ. ಆ ಮನೆಯ ಹೆಂಗಸೊಬ್ಬಳಿಗೆ ಆ ಪ್ರಶ್ನೆಯನ್ನು ಆ ರೀತಿಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು. ಅದನ್ನು ಕೇಳಿಸಿಕೊಳ್ಳುವ ಸ್ಥಾನಕ್ಕೆ ನನ್ನನ್ನು ತಂದು ಕೂರಿಸಿದವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಸರದಿಯ ಪ್ರಕಾರ ಅದು ಬಿಸಿಲಿನ ವರ್ಷ.

"ಕಲ್ಕತ್ತಕ್ಕೆ" ಎಂದೆ.