ತೂಗುವ ನೆಲ

ಸೊಂಟ ಮುರಿದ ಮುದುಕರನ್ನು ಮತ್ತೆ ನಡೆಸುವುದು ಕಾರವಾರದ ಆಸ್ಪತ್ರೆಯಲ್ಲಿ ನನ್ನ ಕೆಲಸ. ತಲೆ ತಿರುಗುತ್ತದಾ ಎಂದು ದಿನಾ ಬೆಳಿಗ್ಗೆ ಎಲ್ಲರನ್ನೂ ಕೇಳುತ್ತೇನೆ. ದೇವಬಾಗದ ಪಾಂಡು ಅಜ್ಜ, ಜೀವಮಾನವಿಡೀ ಮೀನಿಗೆ ಹೋದವರು, "ಇಲ್ಲ ತಂಗಿ" ಎನ್ನುತ್ತಿದ್ದರು. ಹಾಗೆಂದವರೇ ಒಂದು ದಿನ ವಾಕರ್ ಮುಟ್ಟದೆ ಕಾಲಗಲಿಸಿ ಎದ್ದುನಿಂತರು, ನನ್ನ ಕಣ್ಣೆದುರೇ ಬಿದ್ದರು.

ಹಣೆಗೆ ಹೊಲಿಗೆ ಹಾಕಿಸಿದ ಮೇಲೆ ಸಿಟ್ಟಿನಲ್ಲಿ ಕೇಳಿದೆ, "ತಲೆ ತಿರುಗಿತ್ತಲ್ಲ ಅಜ್ಜ, ಹೇಳೂಕೆ ಏನಾಗಿತ್ತು?"

"ತಲೆ ಎಲ್ಲಿ ತಿರುಗ್ತದೆ? ನೆಲ ತೂಗ್ತದೆ. ದೋಣಿ ಇಳಿದು ಬಂದವನಿಗೆ ನೆಲ ತೂಗೂದೇ ಅಲ್ವಾ? ಅದನ್ನೂ ಯಾರಾದ್ರೂ ಡಾಕ್ಟರಿಗೆ ಹೇಳ್ತಾರಾ?"

ಅಜ್ಜ ದೋಣಿ ಹತ್ತಿ ವರ್ಷಗಳೇ ಆಗಿದ್ದವು. ಯಾವಾಗಿನಿಂದ ಹೀಗೆ ಎಂದೆ.

"ಇಲ್ಲಿ ಹೊಸ ಗುಳಿಗೆ ಕೊಟ್ರಲ್ಲ, ಆವಾಗಿಂದ. ಎದ್ದ ಕೂಡ್ಲೇ ತೂಗ್ತದೆ. ಚಲೋ ಅನಿಸ್ತದೆ ತಂಗಿ."

ಅದು ಬಿಪಿ ಗುಳಿಗೆ, ಎದ್ದಾಗ ಬಿಪಿಯನ್ನು ತೀರಾ ಇಳಿಸುತ್ತಿತ್ತು. ಡಾಕ್ಟರಿಗೆ ಹೇಳಿದೆ, ಅವರು ಕಡಿಮೆ ಮಾಡಿದರು. ಕೆಲವೇ ದಿನಗಳಲ್ಲಿ ಅಜ್ಜ ವಾಕರ್ ಹಿಡಿದು ಬಾಗಿಲವರೆಗೂ ನೆಟ್ಟಗೆ ನಡೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ಈಗ ನೆಲ ತೂಗ್ತದಾ ಅಜ್ಜ?"

"ಇಲ್ಲ. ಗಟ್ಟಿಯಾಯ್ತು. ಇನ್ನು ದೋಣಿ ಮುಗೀತು."

ಮಂಚಕ್ಕೆ ಹೋಗಿ ಗೋಡೆಯತ್ತ ಮುಖ ಮಾಡಿ ಮಲಗಿದರು. ಮಧ್ಯಾಹ್ನ ಸೊಸೆ ಬಂಗಡೆ ಸಾರು ತಂದರೂ ಏಳಲಿಲ್ಲ. ಮರುದಿನ ವಾಕರ್ ತಂದು ಎದುರಿಗಿಟ್ಟೆ, "ಎಲ್ಲಿಗೆ ಹೋಗೂದು?" ಎಂದರು. ನನಗೆ ಬಾಗಿಲು ಬಿಟ್ಟು ಬೇರೆ ಊರು ಹೊಳೆಯಲಿಲ್ಲ.

ಆಮೇಲೆ ಅಜ್ಜ ಒಮ್ಮೆಯೂ ಬೀಳಲಿಲ್ಲ. ಬೀಳಬೇಕಾದರೆ ಮೊದಲು ಏಳಬೇಕಲ್ಲ.