‘ರೀ’ ಸೇರಿಕೊಂಡ ಪಾಸ್‌ವರ್ಡ್

ಬಿತ್ತನೆ ಬೀಜ ಮಾರುವ ನಮ್ಮ ಸಂಸ್ಥೆಗೆ ನಾಲ್ಕು ಶಾಖೆಗಳು. ನಾನು ಹೊನ್ನಾಳಿಯಲ್ಲಿ ಕುಳಿತೇ ಉಳಿದ ಮೂರು ಊರುಗಳ ಕಂಪ್ಯೂಟರುಗಳನ್ನು ವಿಪಿಎನ್ ಎಂಬ ಖಾಸಗಿ ಜಾಲದ ಮೂಲಕ ಇಲ್ಲಿಗೆ ಜೋಡಿಸುತ್ತಿದ್ದೆ. ಚನ್ನಗಿರಿ, ನ್ಯಾಮತಿ ಬೆಳಿಗ್ಗೆಯೇ ಮುಗಿದವು. ಜಗಳೂರು ಮಾತ್ರ ಹಟ ಹಿಡಿದಿತ್ತು.

ಎರಡೂ ಕಡೆ ಒಂದೇ ಪಾಸ್‌ವರ್ಡ್ ಇದ್ದರಷ್ಟೇ ಸಂಪರ್ಕ ಸಿಗುತ್ತದೆ. ಜಗಳೂರಿನ ಕಂಪ್ಯೂಟರ್ ತಾನೇ ಹುಟ್ಟಿಸಿದ ಪಾಸ್‌ವರ್ಡನ್ನು ಅಲ್ಲಿನ ಗುಮಾಸ್ತೆ ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಓದುತ್ತಿದ್ದರು. ನಾನು ಇಲ್ಲಿ ಕಮಾಂಡ್ ಕೊಡುವ ಕಪ್ಪು ಪರದೆಯಲ್ಲಿ ಟೈಪ್ ಮಾಡುತ್ತಿದ್ದೆ. ಏನು ಟೈಪ್ ಮಾಡಿದೆ ಎಂದು ಆ ಪರದೆ ತೋರಿಸುವುದಿಲ್ಲ. ಒಂದು ಚುಕ್ಕೆಯೂ ಮೂಡುವುದಿಲ್ಲ. ಮೂರು ಸಲವೂ ಪಾಸ್‌ವರ್ಡ್ ತಪ್ಪು ಎಂದೇ ಬಂತು.

“ಸರಿಯಾಗಿ ನೋಡ್ಕೊಂಡು ಓದ್ರಿ!” ಎಂದು ರೇಗಿದೆ.

“ಸರಿಯಾಗೇ ಐತೆ ರೀ. ಇನ್ನೊಂದ್ಸಲ ಹೇಳ್ತೀನಿ, ಕೇಳ್ರಿ. ಎಂ ರೀ, ಟೀ ರೀ...”

ಮೂರರ ಅಂಕಿಯ ಮೇಲೆ ಹೋದ ನನ್ನ ಬೆರಳು ಅಲ್ಲೇ ನಿಂತಿತು. ಆಕೆ ಹೇಳುತ್ತಿದ್ದದ್ದು ಟೀ, ಜೊತೆಗೆ ಮರ್ಯಾದೆಗೊಂದು ರೀ. ನಾನು ಪ್ರತಿಸಲವೂ ಅದನ್ನು ತ್ರೀ ಎಂದು ಕೇಳಿಸಿಕೊಂಡಿದ್ದೆ.

ತಪ್ಪು ನನ್ನ ಕಿವಿಯದೇ. ಆದರೂ ಸಿಟ್ಟು ಇಳಿದಿರಲಿಲ್ಲ. “ಆ ರೀ ಅನ್ನೋದೊಂದು ಬಿಟ್ಟು ಓದ್ರಿ,” ಎಂದೆ.

ಆಕೆ ಬರೀ ಅಕ್ಷರಗಳನ್ನು ಓದಿದರು. ಸಂಪರ್ಕ ಸಿಕ್ಕಿತು.

“ನಿಮ್ಮ ಕಡೇನೂ ಸಂಪರ್ಕ ಬಂತೇನ್ರೀ?” ಎಂದು ಈ ಸಲ ಮೆತ್ತಗೆ ಕೇಳಿದೆ.

“ಬಂತು,” ಎಂದರು.

ನಾನು ಫೋನ್ ಹಿಡಿದುಕೊಂಡೇ ಕಾದೆ. ರೀ ಬರಲಿಲ್ಲ.